ಎಂಟೂ ಚಕ್ರ ನೆಲ ಮುಟ್ಟಬೇಕು

ಪ್ರತಿವರ್ಷ ಜನವರಿ 26ರಂದು ದೆಹಲಿಯ ಪಥಸಂಚಲನದಲ್ಲಿ ಕ್ಷಿಪಣಿಗಳು ಸಾಗುವಾಗ ಎಲ್ಲರ ಕಣ್ಣೂ ಕ್ಷಿಪಣಿಯ ಮೇಲೆಯೇ ಇರುತ್ತದೆ. ಅದನ್ನು ಬೆನ್ನ ಮೇಲೆ ಹೊತ್ತು ಬರುವ ಲಾರಿಯತ್ತ ನೋಡುವವರು ಕಡಿಮೆ. ಪೃಥ್ವಿ ಕ್ಷಿಪಣಿಯನ್ನೋ ಪಿನಾಕ ರಾಕೆಟ್ಟುಗಳನ್ನೋ ಹೊತ್ತ ಲಾರಿಯ ಚಕ್ರಗಳನ್ನು ಒಮ್ಮೆ ಎಣಿಸಿ ನೋಡಿ. ಈ ಬದಿಗೆ ನಾಲ್ಕು, ಆ ಬದಿಗೆ ನಾಲ್ಕು, ಒಟ್ಟು ಎಂಟು. ನಮ್ಮ ಹೆದ್ದಾರಿಗಳಲ್ಲಿ ಹನ್ನೆರಡು, ಹದಿನಾಲ್ಕು ಚಕ್ರದ ಲಾರಿಗಳೂ ಓಡಾಡುತ್ತವೆ, ನಿಜ. ಆದರೆ ಅವುಗಳಲ್ಲಿ ಎಂಜಿನ್ನಿನ ಶಕ್ತಿ ತಲುಪುವುದು ಹಿಂದಿನ ಕೆಲವು ಚಕ್ರಗಳಿಗೆ ಮಾತ್ರ. ಉಳಿದವು ಬರಿಯ ಭಾರ ಹೊರುವ ಚಕ್ರಗಳು. ಸೇನೆಯ ಈ ವಾಹನಗಳಲ್ಲಿ ಎಂಟೂ ಚಕ್ರ ದುಡಿಯುತ್ತವೆ.

ಇಂಥ ವಾಹನಗಳನ್ನು ಒಂದು ಗೇಣಿನಷ್ಟಕ್ಕೆ ಕುಗ್ಗಿಸಿ, ಅಳತೆ ತಪ್ಪದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವ ಹವ್ಯಾಸವೊಂದು ಜಪಾನ್, ಯುರೋಪ್, ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ನಮ್ಮ ದೇಶದಲ್ಲೂ ಅಲ್ಲಲ್ಲಿ ಇಂಥ ಹವ್ಯಾಸಿಗಳಿದ್ದಾರೆ. ಒಂದು ಮಾದರಿಗೆ ತಿಂಗಳುಗಟ್ಟಲೆ ಕೂರುವ ಇವರನ್ನು ಕಂಡು ‘ದೊಡ್ಡವರ ಮಕ್ಕಳಾಟ’ ಎಂದು ನಗುವವರುಂಟು. ‘ಕೊಲ್ಲುವ ಯಂತ್ರವನ್ನು ಗಾಜಿನ ಕಪಾಟಿನಲ್ಲಿಟ್ಟು ಮೆರೆಸುವುದೇ?’ ಎಂದು ಮುಖ ಸಿಂಡರಿಸುವವರೂ ಉಂಟು. ಎರಡೂ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಅಳತೆಗೆ ಸರಿಯಾಗಿ ಮಾದರಿ ಕಟ್ಟುವವನು ಹೆಜ್ಜೆಹೆಜ್ಜೆಗೂ ‘ಇದು ಇಲ್ಲಿ ಯಾಕಿದೆ?’ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಆ ಪ್ರಶ್ನೆಗಳ ಜಾಡು ಹಿಡಿದು ಹೋದರೆ ಕೊನೆಗೆ ಸಿಗುವವನು ಆ ಉಕ್ಕಿನ ಪೆಟ್ಟಿಗೆಯ ಒಳಗೆ ಕುಳಿತಿದ್ದ ಸಿಪಾಯಿ.

ಗೊಂಬೆ ಬೇರೆ, ಮಾದರಿ ಬೇರೆ

ನಮ್ಮ ದಸರಾ ಗೊಂಬೆಗಳ ಸಾಲಿನಲ್ಲಿ ಆನೆಯೂ ಅಂಬಾರಿಯ ಪಕ್ಕದ ಸಿಪಾಯಿಯೂ ಒಂದೇ ಎತ್ತರ ಇದ್ದರೆ ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿ ಮುಖ್ಯವಾದದ್ದು ಭಾವ. ಅಳತೆಯ ಮಾದರಿಗೆ ಈ ರಿಯಾಯಿತಿ ಇಲ್ಲ. ಅಸಲು ವಾಹನದ ಉದ್ದ, ಅಗಲ, ಎತ್ತರ, ಬೋಲ್ಟು, ಹಿಡಿಕೆ ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಬೇಕು. ಸೇನಾ ವಾಹನಗಳ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸಂಖ್ಯೆ 35. ಅಂದರೆ ಅಸಲಿನ 35 ಸೆಂಟಿಮೀಟರು ಇಲ್ಲಿ 1 ಸೆಂಟಿಮೀಟರು. ಏಳೂಮುಕ್ಕಾಲು ಮೀಟರಿಗೆ ತುಸು ಕಡಿಮೆ ಉದ್ದದ ರಷ್ಯದ ಬಿಟಿಆರ್-80 ವಾಹನ ಈ ಲೆಕ್ಕದಲ್ಲಿ ಸುಮಾರು 22 ಸೆಂ.ಮೀ. ಆಗುತ್ತದೆ. ಅದರ ಪಕ್ಕ ನಿಲ್ಲುವ ಸಿಪಾಯಿಯ ಎತ್ತರ ಸುಮಾರು 5 ಸೆಂ.ಮೀ.

ಇದು 35 ಯಾಕಾಯಿತು ಎನ್ನುವುದರ ಹಿಂದೆ ಒಂದು ಸ್ವಾರಸ್ಯ ಇದೆ. ವಿಮಾನದ ಮಾದರಿಗಳಿಗೆ 72 ಎಂಬ ಸಂಖ್ಯೆ ರೂಢಿಯಾದದ್ದಕ್ಕೆ ಸರಳ ಕಾರಣವಿತ್ತು: ಒಂದು ಅಂಗುಲಕ್ಕೆ ಆರು ಅಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕಾಶದಲ್ಲಿ ಹಾರುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಕಲಿಸುವ ಸಲುವಾಗಿ ಇದೇ ಅಳತೆಯ ಐದು ಲಕ್ಷ ಮಾದರಿಗಳನ್ನು ಮಾಡಿಕೊಡುವಂತೆ 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳನ್ನು ಕೇಳಿತ್ತು. 35ಕ್ಕೆ ಇಂಥ ಯಾವ ಗಣಿತವೂ ಇರಲಿಲ್ಲ. ಜಪಾನಿನ ಶಿಜುವೋಕ ನಗರದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ‘ಪ್ಯಾಂಥರ್’ ಟ್ಯಾಂಕಿನ ಮಾದರಿ ತಂದಿತು. ಅದು ಮೋಟಾರಿನಿಂದ ಓಡುವ ಮಾದರಿ. ಒಳಗೆ ಮೋಟಾರೂ ಎರಡು ಬ್ಯಾಟರಿ ಸೆಲ್ಲುಗಳೂ ಹಿಡಿಸಬೇಕಿತ್ತು. ಸೆಲ್ಲುಗಳಿಗೆ ಬೇಕಾದಷ್ಟು ಅಗಲಕ್ಕೆ ಟ್ಯಾಂಕನ್ನು ಮಾಡಿ, ಆಮೇಲೆ ಅಳೆದು ನೋಡಿದಾಗ ಅದು ಅಸಲಿನ 35ನೆಯ ಒಂದು ಭಾಗದ ಸುಮಾರಿಗೆ ಬಂತು! ಮಾದರಿ ಜನಪ್ರಿಯವಾಯಿತು. ಮುಂದಿನ ಮಾದರಿಗಳೂ ಅದಕ್ಕೆ ಹೊಂದಬೇಕಲ್ಲ, ಅದೇ ಅಳತೆ ಮುಂದುವರಿಯಿತು. 1968ರಲ್ಲಿ ಅದೇ ಅಳತೆಯ ಸಿಪಾಯಿಗಳ ಸರಣಿಯೂ ಶುರುವಾಯಿತು. ಬೇರೆ ಬೇರೆ ದೇಶಗಳ ಕಂಪನಿಗಳೂ ಅದನ್ನೇ ಅನುಸರಿಸಿದವು. ಬ್ಯಾಟರಿ ಸೆಲ್ಲಿನ ಗಾತ್ರ ಹೀಗೆ ಒಂದು ಹವ್ಯಾಸದ ಮಾನದಂಡವೇ ಆಗಿಬಿಟ್ಟಿತು.

ಎಂಟು ಯಾಕೆ?

ಇನ್ನು ಚಕ್ರದ ವಿಷಯ. ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಿಂತರೆ ಹೂತುಹೋಗುವ ಕಾಲು, ಹಲಗೆಯ ಮೇಲೆ ನಿಂತರೆ ಹೂಳುವುದಿಲ್ಲ. ಭಾರ ಹೆಚ್ಚು ಜಾಗಕ್ಕೆ ಹಂಚಿಕೆಯಾಗುವುದೇ ಇದಕ್ಕೆ ಕಾರಣ. ಟ್ಯಾಂಕಿನ ಉಕ್ಕಿನ ಪಟ್ಟಿ ಮಾಡುವ ಕೆಲಸವೂ ಇದೇ. ಆದರೆ ಪಟ್ಟಿಯ ಮೇಲೆ ಓಡುವ ಯಂತ್ರ ಇಂಧನವನ್ನು ಕುಡಿಯುತ್ತದೆ, ಗದ್ದಲ ಮಾಡುತ್ತದೆ, ಪಟ್ಟಿ ಬೇಗ ಸವೆಯುತ್ತದೆ, ಪಟ್ಟಿ ಕಡಿದರೆ ನಿಂತಲ್ಲೇ ನಿಲ್ಲುತ್ತದೆ. ಚಕ್ರದ ವಾಹನಕ್ಕೆ ವೇಗವಿದೆ, ನೂರಾರು ಕಿಲೋಮೀಟರು ತನ್ನ ಕಾಲ ಮೇಲೆ ತಾನೇ ಹೋಗುವ ಶಕ್ತಿಯಿದೆ. ಕೆಸರು, ಕಂದಕಗಳಲ್ಲಿ ಮಾತ್ರ ಸೋಲುತ್ತದೆ. ಇವೆರಡರ ನಡುವಿನ ರಾಜಿ ಸೂತ್ರವೇ ಎಂಟು ಚಕ್ರ. ಭಾರ ಎಂಟು ಕಡೆ ಹಂಚಿಕೆಯಾಗುತ್ತದೆ. ಒಂದು ಚಕ್ರ ಹಳ್ಳಕ್ಕಿಳಿದರೆ ಉಳಿದ ಏಳು ದಬ್ಬುತ್ತವೆ. ನೆಲಬಾಂಬಿಗೆ ಒಂದೆರಡು ಚಕ್ರ ಹಾರಿಹೋದರೂ ಕುಂಟುತ್ತಾ ಆದರೂ ಹಿಂದಿರುಗಿ ಬರಬಹುದು.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದವರಲ್ಲಿ ಜರ್ಮನರು ಮುಖ್ಯರು. 1919ರ ವರ್ಸೇಲ್ಸ್ ಒಪ್ಪಂದ ಅವರಿಗೆ ಟ್ಯಾಂಕು ಇಟ್ಟುಕೊಳ್ಳುವುದನ್ನು ನಿಷೇಧಿಸಿತ್ತು. ಆಗ ಅವರ ಸೇನೆ ಮೋಟಾರು ಕಾರುಗಳಿಗೆ ಮರದ, ಬಟ್ಟೆಯ ಸೋಗಿನ ಕವಚ ತೊಡಿಸಿ ಕವಾಯತು ಮಾಡುತ್ತಿತ್ತು. ನಿಷೇಧವನ್ನು ಮುರಿದ ಮೇಲೆ ಮೊದಲು ಬಂದದ್ದು ಸಾಮಾನ್ಯ ಲಾರಿಯ ಚಾಸಿಯ ಮೇಲೆ ಕಟ್ಟಿದ ಆರು ಚಕ್ರದ ಕವಚ ವಾಹನ. ರಸ್ತೆ ಬಿಟ್ಟು ಇಳಿದರೆ ಅದು ಹೂತುಕೊಳ್ಳುತ್ತಿತ್ತು. ಅದರ ಬದಲಿಗೆ ಬ್ಯೂಸಿಂಗ್ ಕಂಪನಿಯ ಎಂಟು ಚಕ್ರದ ವಾಹನ 1930ರ ದಶಕದ ಉತ್ತರಾರ್ಧದಲ್ಲಿ ಬಂತು. ಜರ್ಮನರು ಅದನ್ನು ಕರೆಯುತ್ತಿದ್ದುದೇ ‘ಆಖ್ಟ್ ರಾಡ್’ ಎಂದು. ಅಂದರೆ ಎಂಟು ಚಕ್ರ.

ಸುಮಾರು ಎಂಟು ಟನ್ ತೂಗುವ ಈ ವಾಹನ ಗಂಟೆಗೆ 80 ಕಿ.ಮೀ. ದಾಟಿ ಓಡುತ್ತಿತ್ತು. ಎಂಟೂ ಚಕ್ರಕ್ಕೆ ಎಂಜಿನ್ ಶಕ್ತಿ, ಎಂಟೂ ಚಕ್ರ ತಿರುಗಬಲ್ಲವು. ಎಲ್ಲಕ್ಕಿಂತ ವಿಚಿತ್ರವೆಂದರೆ ಮುಂದೊಬ್ಬ ಚಾಲಕ, ಹಿಂದೊಬ್ಬ ಚಾಲಕ! ಮಾದರಿ ಕಟ್ಟುವವನು ಹಿಂಬದಿಯಲ್ಲೂ ಚಾಲಕನ ಕಿಂಡಿಯನ್ನು ಅಂಟಿಸುವಾಗ ಸಹಜವಾಗಿಯೇ ತಡೆದು ಯೋಚಿಸುತ್ತಾನೆ. ಉತ್ತರ ಆ ವಾಹನದ ಉದ್ಯೋಗದಲ್ಲಿದೆ. ಅದು ಕಾದಾಡುವ ವಾಹನ ಅಲ್ಲ, ಬೇಹುಗಾರಿಕೆಯ ವಾಹನ. ಶತ್ರು ಎಲ್ಲಿದ್ದಾನೆ ಎಂದು ನೋಡಿ, ಸುದ್ದಿಯನ್ನು ಜೀವಂತವಾಗಿ ಹಿಂದಕ್ಕೆ ತರುವುದೇ ಅದರ ಕೆಲಸ. ಇಕ್ಕಟ್ಟಾದ ಹಾದಿಯಲ್ಲಿ ಶತ್ರು ಎದುರಾದರೆ ಗಾಡಿ ತಿರುಗಿಸುತ್ತ ಕೂರಲು ಹೊತ್ತಿಲ್ಲ. ಹಿಂದಿನ ಚಾಲಕ ಸ್ಟೀರಿಂಗ್ ಹಿಡಿದರೆ ಬಂದ ವೇಗದಲ್ಲೇ ವಾಪಸು. ಅದರ ನಿಸ್ತಂತು ಉಳ್ಳ ರೂಪದಲ್ಲಿ ಮಂಚದ ಚೌಕಟ್ಟನ್ನು ನೆತ್ತಿಯ ಮೇಲೆ ಕವುಚಿದಂತೆ ದೊಡ್ಡದೊಂದು ಆಂಟೆನಾ ಇರುತ್ತದೆ. ಕಣ್ಣು, ಕಾಲು, ಬಾಯಿ: ಬೇಹುಗಾರನಿಗೆ ಬೇಕಾದ ಮೂರೂ ಅದರಲ್ಲಿ ಎದ್ದು ಕಾಣುತ್ತವೆ.

ಗಾಜಿನ ಹಲಗೆಯ ಮೇಲೆ

ಕಟ್ಟುವ ಕೆಲಸ ಹೇಗೆ ನಡೆಯುತ್ತದೆ? ಪೆಟ್ಟಿಗೆ ತೆರೆದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಮರದ ಕೊಂಬೆಗೆ ಕಾಯಿ ಅಂಟಿಕೊಂಡಂತೆ ಅವಕ್ಕೆ ನೂರಾರು ಬಿಡಿಭಾಗಗಳು. ಒಂದೊಂದನ್ನೇ ಕತ್ತರಿಸಿ, ಅಂಚನ್ನು ಎಮರಿ ಕಾಗದದಲ್ಲಿ ಉಜ್ಜಿ ಅಂಟಿಸಬೇಕು. ಇಲ್ಲಿ ಬಳಸುವ ಅಂಟು ಗೋಂದಿನಂತೆ ನಡುವೆ ನಿಂತು ಹಿಡಿಯುವುದಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸುತ್ತದೆ. ಕರಗಿದ ಎರಡು ಮೈಗಳು ಒಂದಾಗಿ ಗಟ್ಟಿಯಾಗುತ್ತವೆ. ಒಂದು ಬಗೆಯ ಬೆಸುಗೆಯೇ ಸರಿ.

ನಾಲ್ಕು ಚಕ್ರದ ಜೀಪಿನ ಮಾದರಿಯಲ್ಲಿ ಒಂದು ಚಕ್ರ ಸ್ವಲ್ಪ ಮೇಲೆದ್ದರೆ ಅದುಮಿ ಸರಿಮಾಡಬಹುದು. ಎಂಟು ಚಕ್ರದಲ್ಲಿ ಆ ಸುಲಭವಿಲ್ಲ. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದೆ ಕೂರುತ್ತದೆ, ನಾಲ್ಕು ಕಾಲಿನದು ಒಮ್ಮೊಮ್ಮೆ ಕುಂಟುತ್ತದೆ. ಹಾಗಿರುವಾಗ ಎಂಟು ಕಾಲಿನ ಕಥೆ ಏನು? ಅಸಲು ವಾಹನದಲ್ಲಿ ಸ್ಪ್ರಿಂಗುಗಳು ಪ್ರತಿಯೊಂದು ಚಕ್ರವನ್ನೂ ನೆಲಕ್ಕೆ ಒತ್ತಿ ಹಿಡಿಯುತ್ತವೆ. ಬಹುಪಾಲು ಮಾದರಿಗಳಲ್ಲಿ ಸ್ಪ್ರಿಂಗೂ ಬರಿಯ ಪ್ಲಾಸ್ಟಿಕ್ ಆಕಾರ. ಅಂಟಿಸಿದ ಮೇಲೆ ಅಲುಗುವುದಿಲ್ಲ. ಒಂದು ಚಕ್ರ ನೆಲದಿಂದ ಅರ್ಧ ಮಿಲಿಮೀಟರು ಮೇಲೆ ನಿಂತರೆ ಅಸಲು ಲೆಕ್ಕದಲ್ಲಿ ಅದು ಹದಿನೇಳು ಮಿಲಿಮೀಟರಿಗಿಂತ ಹೆಚ್ಚು. ಹದಿಮೂರು ಟನ್ ತೂಕದ ವಾಹನದ ಚಕ್ರ ಗಾಳಿಯಲ್ಲಿ ತೇಲುತ್ತಿದೆ ಎಂದಾಯಿತು! ನೋಡುವವನಿಗೆ ಎಲ್ಲಿ ತಪ್ಪಿದೆ ಎಂದು ತಿಳಿಯದಿದ್ದರೂ ‘ಏನೋ ಆಟಿಕೆಯ ಹಾಗಿದೆ’ ಎನಿಸಿಬಿಡುತ್ತದೆ.

ಅದಕ್ಕೇ ಅನುಭವಿಗಳು ಗಾಜಿನ ಹಲಗೆಯ ಮೇಲೆ ಕೆಲಸ ಮಾಡುತ್ತಾರೆ. ಗಾಜಿನಷ್ಟು ಸಮತಟ್ಟಾದ ವಸ್ತು ಮನೆಯಲ್ಲಿ ಬೇರೆ ಸಿಗದು. ಆಕ್ಸಲ್‌ಗಳ ಅಂಟು ಆರುವ ಮುನ್ನವೇ ಎಂಟೂ ಚಕ್ರ ಸಿಕ್ಕಿಸಿ, ಗಾಜಿನ ಮೇಲೆ ನಿಲ್ಲಿಸಿ, ಬೆನ್ನ ಮೇಲೆ ಪುಸ್ತಕವೊಂದನ್ನು ಹೇರಿ, ಬದಿಗೆ ಉಕ್ಕಿನ ಅಳತೆಪಟ್ಟಿ ಒತ್ತಿ ಒಂದು ರಾತ್ರಿ ಬಿಟ್ಟುಬಿಡುವುದು. ಏರುತಗ್ಗಿನ ನೆಲದ ದೃಶ್ಯ ಕಟ್ಟುವುದಾದರೆ ಇದೇ ಲೆಕ್ಕ ತಲೆಕೆಳಗು. ಪ್ರತಿ ಚಕ್ರವೂ ತನ್ನ ಕೆಳಗಿನ ಕಲ್ಲು, ಗುಂಡಿಗೆ ತಕ್ಕಂತೆ ಬೇರೆ ಬೇರೆ ಎತ್ತರದಲ್ಲಿರಬೇಕು. ಮೇಲಿನ ಒಡಲು ಮಾತ್ರ ನೆಟ್ಟಗಿರಬೇಕು. ಎಂಟು ಚಕ್ರ ಇರುವುದೇ ಅದಕ್ಕಲ್ಲವೇ?

ಚಕ್ರಗಳನ್ನು ತಿರುಗಿಸಿ ನಿಲ್ಲಿಸುವುದು ಇನ್ನೊಂದು ಪರೀಕ್ಷೆ. ಬಿಟಿಆರ್ ವಾಹನಗಳಲ್ಲಿ ಮುಂದಿನ ಎರಡು ಜೊತೆ ಚಕ್ರ ತಿರುಗುತ್ತವೆ. ಆದರೆ ಎರಡೂ ಜೊತೆ ಒಂದೇ ಕೋನದಲ್ಲಿ ತಿರುಗುವುದಿಲ್ಲ. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಎತ್ತಿನ ಕಣದಲ್ಲಿ ಹೊರಗಿನ ಎತ್ತೂ ಒಳಗಿನ ಎತ್ತೂ ಒಂದೇ ಮೇಟಿಕಂಬದ ಸುತ್ತ ಬೇರೆ ಬೇರೆ ವೃತ್ತದಲ್ಲಿ ನಡೆಯುವ ಹಾಗೆ, ಚಕ್ರಗಳೆಲ್ಲ ಒಂದೇ ಕೇಂದ್ರದ ಸುತ್ತ ತಮ್ಮ ತಮ್ಮ ವೃತ್ತದಲ್ಲಿ ಉರುಳಬೇಕು. ಇಲ್ಲವಾದರೆ ಟೈರು ನೆಲಕ್ಕೆ ಉಜ್ಜಿ ಸವೆಯುತ್ತದೆ. ಜರ್ಮನಿಯ ಎಂಟು ಚಕ್ರದ್ದರಲ್ಲಿ ಮುಂದಿನ ಎರಡು ಜೊತೆ ಎಡಕ್ಕೆ ಹೊರಳಿದರೆ ಹಿಂದಿನ ಎರಡು ಜೊತೆ ಬಲಕ್ಕೆ ಹೊರಳುತ್ತವೆ. ಇದರಿಂದ ಉದ್ದನೆಯ ಗಾಡಿಯೂ ಸಣ್ಣ ಜಾಗದಲ್ಲಿ ತಿರುಗಬಲ್ಲದು.

ತೂಕದ ಲೆಕ್ಕವೂ ಕುತೂಹಲಕರ. ಉದ್ದವನ್ನು 35ರಿಂದ ಭಾಗಿಸಿದರೆ ತೂಕವನ್ನು 35×35×35, ಅಂದರೆ 42,875ರಿಂದ ಭಾಗಿಸಬೇಕು. 13,600 ಕಿಲೋ ತೂಗುವ ಬಿಟಿಆರ್-80 ಹಾಗೆ ಭಾಗಿಸಿದರೆ 317 ಗ್ರಾಂ ಆಸುಪಾಸು. ಅಷ್ಟು ಹಗುರ ಭಾರಕ್ಕೆ ಮಾದರಿಯ ಟೈರು ತಳದಲ್ಲಿ ಉಬ್ಬುವುದಿಲ್ಲ, ಅಸಲಿನದು ಉಬ್ಬುತ್ತದೆ. ಆದ್ದರಿಂದ ಟೈರಿನ ತಳವನ್ನು ಅರದಿಂದ ತುಸು ಚಪ್ಪಟೆ ಮಾಡುವುದೋ, ಉಬ್ಬಿದಂತೆಯೇ ಎರಕ ಹೊಯ್ದ ರೆಸಿನ್ ಚಕ್ರ ಹಾಕುವುದೋ ಮಾಡುತ್ತಾರೆ. ಎಷ್ಟು ಉಬ್ಬಿರಬೇಕು? ಅದಕ್ಕೂ ಉತ್ತರ ಬೇಕು. ಬಿಟಿಆರ್ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿ ಹೆಚ್ಚು ಕಡಿಮೆ ಮಾಡಬಲ್ಲ. ಮರಳಿನಲ್ಲಿ ಗಾಳಿ ಇಳಿಸಿದರೆ ಟೈರು ಅಗಲವಾಗುತ್ತದೆ, ಡಾಂಬರು ರಸ್ತೆಯಲ್ಲಿ ಏರಿಸಿದರೆ ಬಿಗಿಯಾಗುತ್ತದೆ. ಟೈರು ಎಷ್ಟು ಉಬ್ಬಿದೆ ಎಂಬುದನ್ನು ನೋಡಿ ನೆಲ ಎಂಥದೆಂದು ಹೇಳಬಹುದು.

ಕೆಲವು ಕಿಟ್ಟುಗಳಲ್ಲಿ ರಬ್ಬರಿನಂಥ ಮೆತ್ತನೆಯ ವಿನೈಲ್ ಟೈರು ಬರುತ್ತದೆ. ಹಾಕಿದ ದಿನ ಬಲು ಚೆಂದ. ಆದರೆ ವಿನೈಲನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಕಾಲಕ್ರಮದಲ್ಲಿ ಒಸರಿ ಪಕ್ಕದ ಪ್ಲಾಸ್ಟಿಕ್ ಚಕ್ರವನ್ನು ತಿಂದುಹಾಕುವುದುಂಟು. ಹಾಗಾಗಿ ನಡುವೆ ಬಣ್ಣದ ಲೇಪ ಕೊಡುವುದನ್ನು ಹಳಬರು ಮರೆಯುವುದಿಲ್ಲ.

ಕಿಟ್ಟಿನಲ್ಲಿ ಇಲ್ಲದ್ದನ್ನು ಮನೆಯ ಸಾಮಾನಿನಿಂದಲೇ ಹುಟ್ಟಿಸುತ್ತಾರೆ. ಎಂಜಿನ್ನಿನ ಜಾಲರಿಗೆ ಹಳೆಯ ಚಹಾ ಸೋಸುವ ಜಾಲರಿ, ಕೊಳವೆಗೆ ಬಾಲ್‌ಪೆನ್ನಿನ ರೀಫಿಲ್ಲು, ಎಳೆಯುವ ಹಗ್ಗಕ್ಕೆ ಹೊಲಿಗೆ ದಾರ, ಮಡಿಸಿಟ್ಟ ತಾಡಪಾಲಿಗೆ ನೀರು ಬೆರೆಸಿದ ಅಂಟಿನಲ್ಲಿ ಅದ್ದಿದ ತೆಳು ಕಾಗದ. ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಬಿಸಿಗೆ ಹಿಡಿದು ಮೆಲ್ಲಗೆ ಎಳೆದರೆ ಕೂದಲಿನಷ್ಟು ಸಪೂರದ ಎಳೆ ಬರುತ್ತದೆ, ಅದೇ ಆಂಟೆನಾ.

ಓರೆ ನಿಲ್ಲುವ ಚಕ್ರ

ಗಣರಾಜ್ಯೋತ್ಸವದಲ್ಲಿ ಕಾಣುವ ಎಂಟು ಚಕ್ರದ ಲಾರಿಗೆ ಈಗ ಮರಳೋಣ. ಅದರ ಹೆಸರು ಟಾಟ್ರಾ. ಊರು ಈಗಿನ ಚೆಕ್ ಗಣರಾಜ್ಯದ ಕೊಪ್ರಿವ್ನಿತ್ಸೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ 1986ರ ಒಪ್ಪಂದದ ಮೇಲೆ ಇವನ್ನು ನಮ್ಮ ಸೇನೆಗೆ ಜೋಡಿಸಿಕೊಡಲು ಶುರುಮಾಡಿತು. ಬಹುಕಾಲ ಇವು ಎಡಗಡೆ ಸ್ಟೀರಿಂಗಿನವೇ ಆಗಿದ್ದವು. ಭಾರತದ ಗಾಡಿ ಎಂದು ರೂಢಿಯಂತೆ ಬಲಗಡೆ ಸ್ಟೀರಿಂಗ್ ಇಟ್ಟರೆ ಆ ಕಾಲದ ಮಾದರಿ ತಪ್ಪಾಗುತ್ತದೆ.

ಟಾಟ್ರಾದ ವೈಶಿಷ್ಟ್ಯ ಅದರ ಬೆನ್ನುಮೂಳೆ. ಸಾಮಾನ್ಯ ಲಾರಿಗೆ ಏಣಿಯಂಥ ಚಾಸಿ ಇದ್ದರೆ, ಇದಕ್ಕೆ ನಡುವೆ ಒಂದೇ ದಪ್ಪ ಕೊಳವೆ. ಎಂಜಿನ್ನಿನ ಶಕ್ತಿ ಸಾಗಿಸುವ ದಂಡ ಅದರ ಒಳಗೇ ತಿರುಗುತ್ತದೆ. ಆ ಕೊಳವೆಯಿಂದ ಎಡಕ್ಕೂ ಬಲಕ್ಕೂ ಅರ್ಧರ್ಧ ಆಕ್ಸಲ್‌ಗಳು ಹಕ್ಕಿಯ ರೆಕ್ಕೆಯಂತೆ ಏರಿಳಿಯುತ್ತವೆ. ಹಾನ್ಸ್ ಲೆಡ್ವಿಂಕ ಎಂಬ ಎಂಜಿನಿಯರ್ 1923ರಲ್ಲಿ ಒಂದು ಸಣ್ಣ ಕಾರಿಗಾಗಿ ರೂಪಿಸಿದ ಉಪಾಯ ಇದು. ನೂರು ವರ್ಷ ದಾಟಿದ ಮೇಲೂ ದೈತ್ಯ ಲಾರಿಗಳಲ್ಲಿ ಅದೇ ಉಪಾಯ ದುಡಿಯುತ್ತಿದೆ.

ಇದರ ಪರಿಣಾಮ ಏನೆಂದರೆ, ಗಾಡಿ ಖಾಲಿ ಇದ್ದಾಗ ಒಡಲು ಮೇಲೇಳುತ್ತದೆ, ರೆಕ್ಕೆಗಳು ಕೆಳಗೆ ಬಾಗುತ್ತವೆ, ಚಕ್ರಗಳ ತಳ ಒಳಕ್ಕೆ ಸರಿದು ಅವು ಓರೆಯಾಗಿ ನಿಲ್ಲುತ್ತವೆ. ಭಾರ ಹೇರಿದಂತೆ ನೆಟ್ಟಗಾಗುತ್ತವೆ. ಎಂಟೂ ಚಕ್ರವನ್ನು ನೆಟ್ಟಗೆ ಅಂಟಿಸಿ, ಬೆನ್ನು ಖಾಲಿ ಬಿಟ್ಟ ಟಾಟ್ರಾ ಮಾದರಿಯನ್ನು ಕಂಡರೆ ತಿಳಿದವರು ನಸುನಗುತ್ತಾರೆ. ಕ್ಷಿಪಣಿ ಹೊತ್ತಿದೆಯೋ ಇಲ್ಲವೋ ಎಂದು ಮೊದಲೇ ನಿರ್ಧರಿಸದೆ ಇದರ ಚಕ್ರ ಅಂಟಿಸುವಂತಿಲ್ಲ.

ಬಾಗಿಲು ಎಲ್ಲಿದೆ?

ಮಾದರಿಯೊಂದು ಇತಿಹಾಸ ಹೇಳುವುದನ್ನು ಚೆನ್ನಾಗಿ ತೋರಿಸುವುದು ರಷ್ಯದ ಬಿಟಿಆರ್ ವಾಹನಗಳು. 60, 70, 80 ಎಂಬ ಮೂರು ತಲೆಮಾರುಗಳ ಮಾದರಿಗಳನ್ನು ಸಾಲಾಗಿ ಇಟ್ಟು ನೋಡಬೇಕು. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವ ಇವುಗಳಲ್ಲಿ ಮುಖ್ಯವಾಗಿ ಬದಲಾದದ್ದು ಬಾಗಿಲು.

ಇವು ಸಿಪಾಯಿಗಳನ್ನು ಯುದ್ಧರಂಗಕ್ಕೆ ಒಯ್ಯುವ ವಾಹನಗಳು. 1960ರ ಹೊತ್ತಿಗೆ ಬಂದ ಬಿಟಿಆರ್-60ರಲ್ಲಿ ಎರಡು ಪೆಟ್ರೋಲ್ ಎಂಜಿನ್‌ಗಳನ್ನು ಹಿಂಬದಿಯಲ್ಲಿ ಇಟ್ಟರು. ನೀರಿನಲ್ಲಿ ಈಜಲು ಅದು ಅನುಕೂಲ ಆಗಿರಬಹುದು, ಆದರೆ ಹಿಂದೆ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಸಿಪಾಯಿ ಹೊರಬರಬೇಕಾದರೆ ಚಾವಣಿಯ ಕಿಂಡಿಯಿಂದಲೋ ಬದಿಯ ಮೇಲ್ಭಾಗದ ಸಣ್ಣ ಕಿಂಡಿಯಿಂದಲೋ ತೂರಿ, ಗುಂಡು ಹಾರುವ ಎತ್ತರದಲ್ಲೇ ಮೈ ಒಡ್ಡಿ ಕೆಳಕ್ಕೆ ಜಿಗಿಯಬೇಕು. 1970ರ ದಶಕದ ಬಿಟಿಆರ್-70ರಲ್ಲಿ ಎರಡನೆಯ ಮತ್ತು ಮೂರನೆಯ ಚಕ್ರದ ನಡುವೆ, ಕೆಳಗಡೆ, ತೆವಳಿ ಹೊರಬರುವಷ್ಟು ಕಿರಿದಾದ ಬಾಗಿಲು ಬಂತು. 1980ರ ದಶಕದ ಬಿಟಿಆರ್-80ರಲ್ಲಿ ಅದೇ ಜಾಗದಲ್ಲಿ ಬಾಗಿಲು ದೊಡ್ಡದಾಯಿತು; ಮೇಲರ್ಧ ಪಕ್ಕಕ್ಕೆ ತೆರೆಯುತ್ತದೆ, ಕೆಳಗಿನರ್ಧ ಮೆಟ್ಟಿಲಾಗಿ ಇಳಿಯುತ್ತದೆ. ಆಗ ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿತ್ತು. ಮೂರು ಮಾದರಿಗಳಲ್ಲಿ ಮಿಲಿಮೀಟರು ಲೆಕ್ಕದಲ್ಲಿ ದೊಡ್ಡದಾಗುತ್ತ ಹೋಗುವ ಈ ಬಾಗಿಲಿಗೆ ತೆತ್ತ ಬೆಲೆ ಎಷ್ಟೆಂದು ಯೋಚಿಸಿದರೆ ಕೈ ಒಂದು ಗಳಿಗೆ ನಿಲ್ಲುತ್ತದೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. 1960ರ ದಶಕದಲ್ಲೇ ಚೆಕೊಸ್ಲೊವಾಕಿಯ ಮತ್ತು ಪೋಲೆಂಡ್ ಸೇರಿ ರೂಪಿಸಿದ ‘ಸ್ಕಾಟ್’ ಎಂಬ ಎಂಟು ಚಕ್ರದ ವಾಹನದಲ್ಲಿ ಎಂಜಿನ್ ಚಾಲಕನ ಬೆನ್ನಿಗಿದೆ, ಹಿಂದೆ ದೊಡ್ಡ ಬಾಗಿಲಿದೆ. ಬಿಟಿಆರ್-60, ಸ್ಕಾಟ್ ಎರಡನ್ನೂ ಭಾರತೀಯ ಸೇನೆ ಬಳಸಿದೆ. ಸ್ವಿಟ್ಜರ್ಲೆಂಡಿನ ಮೊವಾಗ್ ಕಂಪನಿಯ ‘ಪಿರಾನ್ಹಾ’, ಅದರ ವಂಶದಲ್ಲೇ ಬಂದ ಅಮೆರಿಕದ ‘ಸ್ಟ್ರೈಕರ್’ ಕೂಡ ಎಂಜಿನ್ನನ್ನು ಮುಂದಿಟ್ಟುಕೊಂಡು ಸಿಪಾಯಿಗಳನ್ನು ಹಿಂದಿನಿಂದ ಇಳಿಸುತ್ತವೆ. ಇಳಿಯುವವನಿಗೆ ವಾಹನವೇ ಗುರಾಣಿ. ರಷ್ಯ ಕೂಡ 2015ರ ಮೇ ತಿಂಗಳ ಪಥಸಂಚಲನದಲ್ಲಿ ತೋರಿಸಿದ ‘ಬೂಮೆರಾಂಗ್’ ಎಂಬ ಹೊಸ ಎಂಟು ಚಕ್ರದ ವಾಹನದಲ್ಲಿ ಬಾಗಿಲನ್ನು ಹಿಂದಕ್ಕೆ ತಂದಿತು. 2014ರ ರಕ್ಷಣಾ ಪ್ರದರ್ಶನದಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಮತ್ತು ಟಾಟಾ ಮೋಟಾರ್ಸ್ ಸೇರಿ ಎಂಟು ಚಕ್ರದ ದೇಶೀ ಕವಚ ವಾಹನವೊಂದನ್ನು ಮುಂದಿಟ್ಟವು.

ಕವಚದ ದಪ್ಪವೂ ಹೀಗೆಯೇ ಮಾತಾಡುತ್ತದೆ. ಬಿಟಿಆರ್-60ರ ಉಕ್ಕಿನ ಮೈ 5ರಿಂದ 9 ಮಿ.ಮೀ. ದಪ್ಪ. 7 ಮಿ.ಮೀ. ಎಂದು ಇಟ್ಟುಕೊಂಡರೂ ಮಾದರಿಯ ಅಳತೆಯಲ್ಲಿ ಅದು 0.2 ಮಿ.ಮೀ.; ನೋಟುಪುಸ್ತಕದ ಎರಡು ಹಾಳೆ ಸೇರಿಸಿದಷ್ಟು. ಪ್ಲಾಸ್ಟಿಕ್ಕನ್ನು ಅಷ್ಟು ತೆಳ್ಳಗೆ ಅಚ್ಚು ಹೊಯ್ಯುವುದು ಕಷ್ಟ. ಆದ್ದರಿಂದ ಕಿಂಡಿಯ ಬಾಗಿಲನ್ನು ತೆರೆದು ತೋರಿಸುವಾಗ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತಾರೆ. ಹಾಗೆ ಉಜ್ಜುವಾಗಲೇ ಅರ್ಥವಾಗುವುದು: ದೂರದಿಂದ ಕೋಟೆಯಂತೆ ಕಾಣುವ ಈ ವಾಹನ ಬಂದೂಕಿನ ಗುಂಡನ್ನು ತಡೆಯಬಹುದೇ ಹೊರತು ಅದಕ್ಕಿಂತ ದೊಡ್ಡದೇನನ್ನೂ ತಡೆಯಲಾರದು.

ಅಫ್ಘಾನಿಸ್ತಾನದ ಯುದ್ಧದ ಛಾಯಾಚಿತ್ರಗಳಲ್ಲಿ ಬಿಟಿಆರ್‌ಗಳ ಚಾವಣಿಯ ಮೇಲೆ ಸಿಪಾಯಿಗಳು ಗುಂಪಾಗಿ ಕುಳಿತಿರುತ್ತಾರೆ. ಜಾತ್ರೆಗೆ ಹೊರಟ ಲಾರಿಯಂತೆ ಕಾಣುವ ಆ ನೋಟವನ್ನು ಮಾದರಿಗಳಲ್ಲೂ ಕಟ್ಟುತ್ತಾರೆ. ಆದರೆ ಅದು ಉಲ್ಲಾಸವಲ್ಲ, ಲೆಕ್ಕಾಚಾರ. ಕೆಳಗೆ ನೆಲಬಾಂಬು ಸಿಡಿದರೆ ಮುಚ್ಚಿದ ಪೆಟ್ಟಿಗೆಯ ಒಳಗೆ ಒತ್ತಡಕ್ಕೇ ಜೀವ ಹೋಗುತ್ತದೆ, ಮೇಲೆ ಕುಳಿತವನು ಎಗರಿ ಬಿದ್ದಾದರೂ ಉಳಿದಾನು. ಕವಚ ವಾಹನದ ಒಳಗಿಗಿಂತ ಹೊರಗೇ ಕ್ಷೇಮ ಎಂದು ಸಿಪಾಯಿಗಳು ತೀರ್ಮಾನಿಸಿದ್ದರು.

ಅಮೆರಿಕದ ಸ್ಟ್ರೈಕರ್ ಕೂಡ ಇಂಥ ಪಾಠ ಕಲಿತಿದೆ. 2003ರಲ್ಲಿ ಇರಾಕಿಗೆ ಹೋದಾಗ ಅದರ ಸುತ್ತ ಹಕ್ಕಿ ಪಂಜರದಂಥ ಉಕ್ಕಿನ ಸರಳುಗಳನ್ನು ಕಟ್ಟಿದರು. ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ ಗುಂಡು ಮೈಗೆ ತಾಗುವ ಮೊದಲೇ ಸರಳಿನ ನಡುವೆ ಸಿಕ್ಕಿ ಕೆಡಲಿ ಎಂದು. ಮುಂದೆ ಅಫ್ಘಾನಿಸ್ತಾನದಲ್ಲಿ ಚಪ್ಪಟೆ ತಳಕ್ಕೆ ನೆಲಬಾಂಬಿನ ಹೊಡೆತ ಬಿದ್ದಾಗ, 2011ರಿಂದ ದೋಣಿಯ ತಳದಂತೆ ಇಳಿಜಾರಾದ ಜೋಡಿ ತಳದ ಸ್ಟ್ರೈಕರ್‌ಗಳು ಬಂದವು. ಸಿಡಿತದ ರಭಸ ಆ ಇಳಿಜಾರಿಗೆ ತಾಗಿ ಎರಡು ಬದಿಗೆ ಚದುರುತ್ತದೆ. ನೋಡುವವರ ಕಣ್ಣಿಗೆ ಬೀಳದ ಆ ತಳವನ್ನೂ ಮಾದರಿಕಾರ ಸರಿಯಾಗಿಯೇ ಮಾಡುತ್ತಾನೆ.

ಬಣ್ಣದ ಸಾಕ್ಷಿ

ಮಾದರಿಗೆ ಜೀವ ಬರುವುದು ಬಣ್ಣದಿಂದ. ಕೊನೆಗೆ ತೆಳು ಕಂದು ಬಣ್ಣದ ನೀರನ್ನು ಸಂದುಗಳಿಗೆ ಇಳಿಬಿಟ್ಟು, ಒಣ ಕುಂಚದಿಂದ ಅಂಚುಗಳನ್ನು ತಿಕ್ಕಿ, ಪುಡಿ ಬಣ್ಣದಿಂದ ದೂಳು ಹಿಡಿಸುತ್ತಾರೆ. ಎಂಟು ಚಕ್ರದ ವಾಹನದಲ್ಲಿ ದೂಳೂ ಬೇಕೆಂದಲ್ಲಿ ಕೂರುವುದಿಲ್ಲ. ಮುಂದಿನ ಚಕ್ರ ಎರಚಿದ ಕೆಸರು ಹಿಂದಿನದರ ಮೇಲೆ ಬೀಳುತ್ತದೆ. ಹಾಗಾಗಿ ಹಿಂದೆ ಹೋದಂತೆ ಕೊಳೆ ಹೆಚ್ಚಬೇಕು.

ಯಾವ ಬಣ್ಣ ಎಂಬುದು ಮಾತ್ರ ಸಂಶೋಧನೆಯ ವಿಷಯ. ಯುದ್ಧದ ಆರಂಭದ ವರ್ಷಗಳ ಜರ್ಮನ್ ವಾಹನಗಳಿಗೆ ಬರಿಯ ಕಡುಬೂದು ಬಣ್ಣ ಎಂದು ಬಹುಕಾಲ ನಂಬಲಾಗಿತ್ತು. ಕಪ್ಪುಬಿಳುಪು ಚಿತ್ರಗಳಲ್ಲಿ ಕಾಣುತ್ತಿದ್ದುದೂ ಹಾಗೆಯೇ. ಹಳೆಯ ಸೇನಾ ಆದೇಶಗಳನ್ನು ತೆಗೆದು ಓದಿದಾಗ ತಿಳಿದದ್ದೇ ಬೇರೆ: 1940ರ ನಡುವಿನವರೆಗೂ ಮೂರರಲ್ಲಿ ಒಂದು ಪಾಲು ಕಡುಗಂದು ಬಣ್ಣ ಸೇರಿರಬೇಕಿತ್ತು. ಕಪ್ಪುಬಿಳುಪು ಚಿತ್ರದಲ್ಲಿ ಆ ಬೂದೂ ಈ ಕಂದೂ ಒಂದರೊಳಗೊಂದು ಕರಗಿಹೋಗುತ್ತಿದ್ದವು, ಅಷ್ಟೇ. ಪೋಲೆಂಡಿನ ಮೇಲೆ 1939ರಲ್ಲಿ ನುಗ್ಗಿದ ಎಂಟು ಚಕ್ರದ ವಾಹನಕ್ಕೆ ಬರಿಯ ಬೂದು ಬಳಿದ ಹಳೆಯ ಮಾದರಿಗಳೆಲ್ಲ ಒಂದೇ ಏಟಿಗೆ ತಪ್ಪಾದವು. ಸಾಕ್ಷ್ಯ ಬದಲಾದರೆ ತೀರ್ಪೂ ಬದಲಾಗಬೇಕು ಎಂಬ ಶಿಸ್ತು ಈ ಹವ್ಯಾಸದಲ್ಲಿ ಹೀಗೆ ಮೈಗೂಡುತ್ತದೆ.

ಯುದ್ಧದ ಆಟವೇ?

ಮೊದಲಿನ ಆಕ್ಷೇಪಕ್ಕೆ ಈಗ ಬರಬಹುದು. ಇದೆಲ್ಲ ಯುದ್ಧದ ಬಗ್ಗೆ ಮೋಹ ಬೆಳೆಸುವುದಿಲ್ಲವೇ? ಬೆಳೆಸಬಹುದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ವಾಹನ ಯಾವಾಗಲೂ ಗೆಲ್ಲುತ್ತಿರುತ್ತದೆ. ಅದರಿಂದ ಊರು ಕಳೆದುಕೊಂಡವರು ಆ ಚಿತ್ರದಲ್ಲಿ ಇರುವುದಿಲ್ಲ. ಹಿಟ್ಲರನ ಸೇನೆಯ ವಾಹನವನ್ನು ತಿದ್ದಿ ತೀಡಿ ನಿಲ್ಲಿಸುವವನು ಅದು ಯಾರ ಮನೆಯಂಗಳ ತುಳಿದು ಹೋಯಿತು ಎಂಬುದನ್ನು ಮರೆತರೆ ಅವನ ಮಾದರಿ ಅಳತೆಯಲ್ಲಿ ಸರಿಯಿದ್ದರೂ ಅರ್ಥದಲ್ಲಿ ಸುಳ್ಳು.

ಈ ಹವ್ಯಾಸದ ರಾಜಧಾನಿ ಎನ್ನಬಹುದಾದ ಶಿಜುವೋಕವೇ 1945ರ ಜೂನ್ ತಿಂಗಳಲ್ಲಿ ಅಮೆರಿಕದ ವಿಮಾನಗಳ ದಾಳಿಗೆ ಸುಟ್ಟುಹೋದ ನಗರ. ಮರುವರ್ಷ, 1946ರಲ್ಲಿ, ಅಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಶುರುವಾದದ್ದೇ ತಮಿಯಾ. ಮರದ ಮಾದರಿಗಳಿಂದ ಅದು ಪ್ಲಾಸ್ಟಿಕ್ಕಿಗೆ ಬಂತು. ಸಂಸ್ಥಾಪಕರ ಮಗ ಶುನ್‌ಸಾಕು ತಮಿಯಾ ಹುಟ್ಟಿದ್ದು 1934ರಲ್ಲಿ. ಊರು ಸುಟ್ಟಾಗ ಇನ್ನೂ ಹುಡುಗ. ಮುಂದೆ 1960ರ ದಶಕದಲ್ಲಿ ಅವರೇ ಅಮೆರಿಕದ ಅಬರ್ಡೀನ್ ಸೇನಾ ವಸ್ತುಸಂಗ್ರಹಾಲಯಕ್ಕೆ ಹೋಗಿ, ಹಳೆಯ ವಾಹನಗಳನ್ನು ಅಳೆದು, ಚಿತ್ರ ತೆಗೆದು ತಂದರು. 2025ರ ಜುಲೈನಲ್ಲಿ, 90ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದು ಕಾಲಕ್ಕೆ ತಮ್ಮ ಊರನ್ನು ಸುಟ್ಟ ದೇಶದ ಯಂತ್ರಗಳನ್ನು ಅಳತೆಪಟ್ಟಿ ಹಿಡಿದು ಅಳೆಯುವುದು, ಆ ದೇಶದ ಮಕ್ಕಳಿಗೇ ಅದರ ಮಾದರಿ ಮಾರುವುದು: ಶಾಂತಿಕಾಲದಲ್ಲಿ ಮಾತ್ರ ಸಾಧ್ಯವಾಗುವ ವ್ಯಾಪಾರ ಇದು.

2022ರಲ್ಲಿ ಉಕ್ರೇನಿನ ರಸ್ತೆಗಳಲ್ಲಿ ಸುಟ್ಟು ಕರಕಲಾದ ಎಂಟು ಚಕ್ರದ ವಾಹನಗಳ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಹೆಚ್ಚಿನವರಿಗೆ ಅದು ಸುಟ್ಟ ಕಬ್ಬಿಣ. ಆ ವಾಹನವನ್ನು ಒಮ್ಮೆಯಾದರೂ ಕೈಯಾರೆ ಕಟ್ಟಿದವನ ಕಣ್ಣು ಮಾತ್ರ ಬೇರೆಡೆಗೆ ಹೋಗುತ್ತದೆ. ಎರಡನೆಯ ಮತ್ತು ಮೂರನೆಯ ಚಕ್ರದ ನಡುವೆ ಒಂದು ಬಾಗಿಲಿದೆ ಎಂದು ಅವನಿಗೆ ಗೊತ್ತು. ಅದರ ಕವಚ ಎಷ್ಟು ತೆಳು ಎಂದೂ ಗೊತ್ತು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಅವನು ಮೊದಲು ನೋಡುತ್ತಾನೆ.